ಎರಡು ಬಿಲ್ಲೆ ತಗ್ಗಿದ ಸೀಟು

ಕೆಂಗಲ್ ಆಂಜನೇಯನ ಗುಡಿಯ ಎದುರು ಬಸ್ಸು ನಿಂತಿತು. ಅದರ ಹಿಂದೆ ಮಾಯಮ್ಮನೂ ಗಾಡಿ ನಿಲ್ಲಿಸಿ ಎಡಗಾಲನ್ನು ಇಳಿಬಿಟ್ಟಳು. ನೆಲ ಇರಬೇಕಾದ ಕಡೆ ನೆಲ ಇರಲಿಲ್ಲ. ಡಾಂಬರು ಮುಗಿದು ಮಣ್ಣು ಇಳಿಜಾರಾಗಿದ್ದ ಜಾಗ ಅದು. ಹೆಬ್ಬೆರಳ ತುದಿಗೆ ಒಂದು ಕಲ್ಲು ಸವರಿ ಹೋದ ಹಾಗಾಯಿತು, ಅಷ್ಟೆ. ಬೈಕು ನಿಧಾನವಾಗಿ, ಯಾರೋ ಮಗುವನ್ನು ಮಲಗಿಸುವ ಹಾಗೆ, ಎಡಕ್ಕೆ ವಾಲತೊಡಗಿತು. ವಾಲುತ್ತಿರುವುದು ಅವಳಿಗೆ ಗೊತ್ತಾಗುತ್ತಿತ್ತು. ಹಿಡಿದು ನಿಲ್ಲಿಸುವಷ್ಟು ಕಾಲು ಮಾತ್ರ ಅವಳಿಗೆ ಇರಲಿಲ್ಲ.

ಹಿಂದೆ ಕೂತಿದ್ದವನು ಗಂಡ ಬೋರಲಿಂಗಯ್ಯ. ಬೀಳುವುದು ಖಾತ್ರಿಯಾದ ಕ್ಷಣವೇ ಅವನು ತನ್ನ ಎಡಗೈಯನ್ನು ಎದೆಗೆ ಒತ್ತಿಕೊಂಡು, ಬಲಗೈಯಿಂದ ಅದನ್ನು ಅಪ್ಪಿಕೊಂಡ. ಭುಜ ನೆಲಕ್ಕೆ ಬಡಿಯಿತು, ಮಂಡಿ ತರಚಿತು. ಅಪ್ಪಿಕೊಂಡ ಕೈಯನ್ನು ಮಾತ್ರ ಅವನು ಬಿಡಲಿಲ್ಲ.

ಮಾಯಮ್ಮ ಗಾಡಿಯ ಕಡೆ ನೋಡಲಿಲ್ಲ. ಮಣ್ಣಿನಲ್ಲಿ ಕೂತೇ ಅವನ ಅಂಗಿಯ ತೋಳು ಸರಿಸಿ, ಮೊಣಕೈ ಕೆಳಗೆ ಹುರಿಯಂತೆ ಉಬ್ಬಿದ್ದ ನರದ ಮೇಲೆ ಎರಡು ಬೆರಳಿಟ್ಟಳು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಡಾಕ್ಟರು ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದ ಜಾಗ ಅದು. ಬೆರಳಿಟ್ಟರೆ ಚರ್ಮದ ಕೆಳಗೆ ಗುಂಯ್ ಎನ್ನುತ್ತದೆ, ದೂರದ ಬೀದಿಯಲ್ಲಿ ರೇಷ್ಮೆ ಬಿಚ್ಚುವ ಮಿಷನ್ನು ಓಡುತ್ತಿರುವ ಹಾಗೆ. ಈ ಗುಂಯ್ ನಿಂತ ದಿನ ಯಾವ ಕೆಲಸವಿದ್ದರೂ ಬಿಟ್ಟು ಓಡಿ ಬನ್ನಿ ಎಂದು ಆಸ್ಪತ್ರೆಯ ಸಿಸ್ಟರ್ ಹೇಳಿದ್ದರು. ಅಂದಿನಿಂದ ಮಾಯಮ್ಮ ಬೆಳಿಗ್ಗೆ ಎದ್ದ ಕೂಡಲೇ, ಸಗಣಿ ನೀರಿಗೂ ಮುಂಚೆ, ಆ ಸದ್ದು ಮುಟ್ಟಿ ನೋಡುತ್ತಿದ್ದಳು.

"ಐತಾ?" ಬೋರಲಿಂಗಯ್ಯ ಕೇಳಿದ.

"ಐತೆ."

ಆಮೇಲೆ ಅವಳಿಗೆ ಉಸಿರು ಬಂತು. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಗಾಡಿ ಎತ್ತಿಕೊಟ್ಟರು. ಒಬ್ಬ, "ಅಕ್ಕೋ, ಕಾಲು ಎಟುಕ್ದೆ ಇದ್ ಮ್ಯಾಕೆ ಯಾಕ್ ಓಡುಸ್ತೀರಾ? ಅಣ್ಣನ್ನ ಮುಂದ್ಕೆ ಕೂರ್ಸಿ" ಅಂದ.

"ಅಣ್ಣ ಕ್ಲಚ್ ಹಿಡಿಯಂಗಿಲ್ಲ ಕಣಪ್ಪ," ಬೋರಲಿಂಗಯ್ಯ ಮಂಡಿಯ ಮಣ್ಣು ಒರೆಸುತ್ತ ಹೇಳಿದ. "ಅಣ್ಣನ ಕೈಗೆ ಗೌರ್ಮೆಂಟ್ ಪೈಪ್‌ಲೈನ್ ಹಾಕವ್ರೆ."

ಅವರು ನಕ್ಕರು. ಮಾಯಮ್ಮನಿಗೆ ನಗು ಬರಲಿಲ್ಲ. ಸೋಮವಾರ ಒಂದು ಡಯಾಲಿಸಿಸ್, ಗುರುವಾರ ಒಂದು. ರಾಮನಗರದ ಆಸ್ಪತ್ರೆಗೆ ಹೋಗುತ್ತ ಇಪ್ಪತ್ತು ಕಿಲೋಮೀಟರು, ಬರುತ್ತ ಇಪ್ಪತ್ತು. ಅದರೊಳಗೆ ಎಷ್ಟು ಸಲ ಗಾಡಿ ನಿಲ್ಲಿಸಬೇಕು, ಎಷ್ಟು ಸಲ ಕಾಲು ಇಳಿಬಿಡಬೇಕು ಎಂದು ಅವಳ ತಲೆ ಆಗಲೇ ಎಣಿಸುತ್ತಿತ್ತು. ಇನ್ನೊಂದು ಸಲ ಬಿದ್ದರೆ ಆ ಕೈ ಉಳಿಯುವುದಿಲ್ಲ. ಕೈ ಉಳಿಯದಿದ್ದರೆ ಸೂಜಿ ಹಾಕಲು ಜಾಗವಿಲ್ಲ. ಅಲ್ಲಿಂದಾಚೆಗೆ ಅವಳು ಯೋಚಿಸುತ್ತಿರಲಿಲ್ಲ.

ಮಾಯಮ್ಮ ಹುಟ್ಟಿದ್ದು ಬೈರಾಪಟ್ಟಣದಲ್ಲಿ, ಸೇರಿದ್ದು ಹೊಂಗನೂರಿಗೆ. ಎತ್ತರ ನಾಲ್ಕಡಿ ಒಂಬತ್ತಂಗುಲ. ಸ್ಕೂಲಿನ ಪ್ರಾರ್ಥನೆಯ ಸಾಲಿನಲ್ಲಿ ಏಳು ವರ್ಷವೂ ಅವಳೇ ಮೊದಲನೆಯವಳು. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ಎಲ್ಲವೂ ಒಂದು ಗೇಣು ಮೇಲಕ್ಕಿತ್ತು. ಒಲೆಕಟ್ಟೆಯ ಮುಂದೆ ಮಣೆ ಹಾಕಿಕೊಂಡಳು. ನಲ್ಲಿಯ ಹತ್ತಿರ ಎರಡು ಇಟ್ಟಿಗೆ ಜೋಡಿಸಿಕೊಂಡಳು. ರೇಷ್ಮೆ ಹುಳು ಸಾಕುವ ಮನೆಯಲ್ಲಿ ತಟ್ಟೆಗಳ ಮೇಲಿನ ಸಾಲಿಗೆ ಸೊಪ್ಪು ಹಾಕಲು ತವರಿನಿಂದ ಒಂದು ಸ್ಟೂಲು ತಂದಳು. ಇಪ್ಪತ್ತೆರಡು ವರ್ಷ ಅದನ್ನು ಹತ್ತಿ ಇಳಿದು ಅದರ ನಡು ಬೋಗುಣಿಯ ಹಾಗೆ ಸವೆದಿತ್ತು. ಎಲ್ಲಿ ಏನು ಎಟುಕುವುದಿಲ್ಲವೋ ಅಲ್ಲಿ ಕಾಲ ಕೆಳಗೆ ಏನಾದರೊಂದು ಇಡುವುದು, ಹತ್ತುವುದು, ಕೆಲಸ ಮುಗಿಸಿ ಇಳಿಯುವುದು, ಇದರ ಬಗ್ಗೆ ಅವಳು ಯಾರ ಹತ್ತಿರವೂ ದೂರು ಹೇಳಿದವಳಲ್ಲ. ಓಡುವ ಗಾಡಿಯ ಕೆಳಗೆ ಮಾತ್ರ ಏನನ್ನೂ ಇಡಲು ಬರುವುದಿಲ್ಲ.

ಆ ಬೈಕು ಬೋರಲಿಂಗಯ್ಯನ ಜೀವ. ಅವನು ಆರಡಿಗೆ ಎರಡೇ ಅಂಗುಲ ಕಮ್ಮಿ. ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆ ಗೂಡು ಹೊತ್ತು ಹೋಗುವಾಗ ಹಿಂದೆ ಒಂದು ಮೂಟೆ, ಮುಂದೆ ಟ್ಯಾಂಕಿನ ಮೇಲೆ ಒಂದು ಮೂಟೆ ಇಟ್ಟು, ಎರಡು ಕಾಲೂ ನೆಲಕ್ಕೆ ಊರಿ ಬೀದಿಯವರ ಜತೆ ಮಾತಾಡಿ ಆಮೇಲೆ ಹೊರಡುತ್ತಿದ್ದ. ಕಿಡ್ನಿ ಕೈಕೊಟ್ಟ ಮೇಲೆ, ಎಡಗೈಗೆ ಹೊಲಿಗೆ ಬಿದ್ದ ಮೇಲೆ, ಆ ಕೈಯಲ್ಲಿ ಭಾರ ಹೊರುವ ಹಾಗಿಲ್ಲ, ಗಟ್ಟಿಯಾಗಿ ಏನನ್ನೂ ಹಿಂಡುವ ಹಾಗಿಲ್ಲ ಎಂದರು. ಮೊದಲ ಮೂರು ತಿಂಗಳು ಬಸ್ಸಿನಲ್ಲಿ ಹೋದರು. ಹೊಂಗನೂರಿಂದ ಚನ್ನಪಟ್ಟಣಕ್ಕೆ ಒಂದು, ಅಲ್ಲಿಂದ ರಾಮನಗರಕ್ಕೆ ಇನ್ನೊಂದು. ಹೋಗುವಾಗ ಹೇಗೋ ಹೋಗಬಹುದು. ಬರುವಾಗ ಅವನಿಗೆ ಕಣ್ಣು ಕತ್ತಲಿಡುತ್ತಿತ್ತು, ಸೀಟು ಸಿಗುತ್ತಿರಲಿಲ್ಲ. ಒಂದು ದಿನ ಯಾರೋ ಕಂಬಿ ಹಿಡಿಯಲು ಹೋಗಿ ಅವನ ಕೈ ಮೇಲೆಯೇ ಒರಗಿದರು. ಆ ರಾತ್ರಿ ಊದಿಕೊಂಡ ಕೈ ಇಳಿಯುವ ತನಕ ಮಾಯಮ್ಮ ಅನ್ನ ಮುಟ್ಟಲಿಲ್ಲ. ಮಾರನೆಯ ದಿನವೇ, "ಗಾಡಿ ಕಲಿಸಿಕೊಡಿ" ಅಂದಳು.

ಹಿಪ್ಪುನೇರಳೆ ತೋಟದ ಪಕ್ಕದ ಗಾಡಿಜಾಡಿನಲ್ಲಿ ಅವನು ಕಲ್ಲಿನ ಮೇಲೆ ಕೂತು ಹೇಳಿಕೊಡುತ್ತಿದ್ದ, ಅವಳು ಕಲಿತಳು. ಕನಕಪುರದ ಹಾಸ್ಟೆಲಿನಲ್ಲಿ ಓದುವ ಮಗಳ ಹಳೆಯ ಚೂಡಿದಾರ ಹಾಕಿಕೊಂಡು ಓಡಿಸಿದಳು. ನಲವತ್ತೊಂದರ ಹೆಂಗಸು ಚೂಡಿದಾರ ಹಾಕಿ ಬೈಕಿನಲ್ಲಿ ಬರುವುದನ್ನು ನೋಡಲು ಮೊದಲ ವಾರ ಊರಿನ ಜನ ಅರಳಿಕಟ್ಟೆಯಲ್ಲಿ ಕಾದು ಕೂರುತ್ತಿದ್ದರು. ಎರಡನೆಯ ವಾರ ಕೆಲವರು ಮಾತ್ರ ಕೂತರು. ಮೂರನೆಯ ವಾರ, "ಮಾಯಕ್ಕ, ಬರ್ತಾ ನಮ್ಮ ಬಿಪಿ ಮಾತ್ರೆ ತಂದ್ಬುಡಿ" ಎಂದು ಚೀಟಿ ಕೊಡತೊಡಗಿದರು. ಓಡುತ್ತಿರುವಾಗ ಏನೂ ತೊಂದರೆ ಇರಲಿಲ್ಲ. ತೊಂದರೆಯೆಲ್ಲ ನಿಲ್ಲುವುದರಲ್ಲಿತ್ತು.

ಸ್ಕೂಟರ್ ತಗೊಳ್ಳಬಹುದಲ್ಲ ಎಂದವರಿದ್ದರು. ಸ್ಕೂಟರ್ ಬರಬೇಕಾದರೆ ಬೈಕು ಹೋಗಬೇಕು. ಆ ಮಾತನ್ನು ಗಂಡನ ಮುಂದೆ ಎತ್ತಲು ಮಾಯಮ್ಮನಿಗೆ ಬಾಯಿ ಬರಲಿಲ್ಲ. ಅದಕ್ಕೇ ಕೆಂಗಲ್‌ನಲ್ಲಿ ಬಿದ್ದ ದಿನ, ಮಂಡಿಗೆ ಅರಿಸಿನ ಹಚ್ಚುತ್ತ, ಅವಳು ಅರ್ಧ ಮಾತು ಮಾತ್ರ ಕೇಳಿದಳು.

"ಚನ್ನಪಟ್ಟಣದಾಗೆ ಸೀಟ್ ತಗ್ಗುಸ್ತಾರಂತೆ. ಒಳಗಿನ ಫೋಮ್ ಕುಯ್ದು."

ಬೋರಲಿಂಗಯ್ಯ ಅರಿಸಿನದ ಕಡೆಯೇ ನೋಡುತ್ತಿದ್ದ.

"ಕುಯ್ದ್ಬುಟ್ರೆ ನಾಳೆ ನಾನ್ ಹೆಂಗಮ್ಮಿ ಕೂರ್ಲಿ? ಮಂಡಿ ಗದ್ದಕ್ಕೆ ಬತ್ತದೆ."

ಯಾವ ನಾಳೆ ಎಂದು ಅವಳು ಕೇಳಲಿಲ್ಲ. ಎರಡು ದಿನ ಮನೆಯಲ್ಲಿ ಸೀಟಿನ ಮಾತು ಬರಲಿಲ್ಲ. ಬುಧವಾರ ಸಂಜೆ ಅವನು ಊರಿನ ಯಾರದೋ ಆಟೋದಲ್ಲಿ ಚನ್ನಪಟ್ಟಣಕ್ಕೆ ಹೋಗಿ ಬಂದವನು, ಪ್ಲಾಸ್ಟಿಕ್ ಕವರಿನಿಂದ ಒಂದು ಜೊತೆ ಚಪ್ಪಲಿ ತೆಗೆದು ಜಗುಲಿಯ ಮೇಲಿಟ್ಟ. ಅವಳದೇ ಹಳೆಯ ಚಪ್ಪಲಿ. ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುತ್ತ ಕೂರುವ ಅಂಕಯ್ಯನಿಂದ ಅದರ ಅಡಿಗೆ ಲಾರಿ ಟೈರಿನ ಎರಡು ಪದರ ಹೊಲಿಸಿಕೊಂಡು ಬಂದಿದ್ದ. ಒಂದೊಂದೂ ಇಟ್ಟಿಗೆಯ ದಪ್ಪ, ಇಟ್ಟಿಗೆಯದೇ ತೂಕ.

"ಹಾಕ್ಕೊಂಡ್ ಕೂತ್ಕೊ ಗಾಡಿ ಮ್ಯಾಲೆ."

ಅವಳು ಹಾಕಿಕೊಂಡು ಕೂತಳು. ಎರಡು ಕಾಲೂ ಅಂಗಳಕ್ಕೆ ಮುಟ್ಟಿದವು. ಎಷ್ಟೋ ತಿಂಗಳ ಮೇಲೆ ಬೋರಲಿಂಗಯ್ಯನ ಮುಖದಲ್ಲಿ ಹಳೆಯ ಕಳೆ ಬಂತು.

"ನೋಡು. ಗಾಡಿಗೆ ಒಂದ್ ಕತ್ತಿ ಮುಟ್ಟಿಸ್ಲಿಲ್ಲ, ಕೆಲ್ಸ ಆಯ್ತು."

ಒಲೆಕಟ್ಟೆಗೆ ಮಣೆ, ನಲ್ಲಿಗೆ ಇಟ್ಟಿಗೆ, ಈಗ ಬೈಕಿಗೆ ಇದು. ಗಾಡಿಯನ್ನು ತಗ್ಗಿಸುವ ಬದಲು ಅವನು ಹೆಂಡತಿಯನ್ನು ಎತ್ತರಿಸಿದ್ದ. ಮಾಯಮ್ಮನಿಗೂ ಅದರಲ್ಲಿ ತಪ್ಪು ಕಾಣಿಸಲಿಲ್ಲ. ಬದುಕಿಡೀ ಅವಳು ಮಾಡಿಕೊಂಡು ಬಂದದ್ದೇ ಅದಲ್ಲವೇ.

ತಪ್ಪು ಕಂಡದ್ದು ಗುರುವಾರ ಬೆಳಿಗ್ಗೆ, ಊರು ದಾಟಿದ ಮೇಲೆ. ಗೇರು ಏರಿಸಬೇಕಾದರೆ ಪಾದದ ತುದಿಯನ್ನು ಲಿವರಿನ ಕೆಳಗೆ ತೂರಿಸಿ ಎತ್ತಬೇಕು. ಟೈರಿನ ಅಟ್ಟೆ ಅಲ್ಲಿ ತೂರುತ್ತಿರಲಿಲ್ಲ. ಗಾಡಿ ಒಂದನೇ ಗೇರಿನಲ್ಲೇ ಅರಚುತ್ತ ಹೋಯಿತು. ಹಿಂದಿನಿಂದ ಬೋರಲಿಂಗಯ್ಯ, "ಎರಡ್ನೇದ್ ಹಾಕು, ಎರಡ್ನೇದ್ ಹಾಕು" ಎನ್ನುತ್ತಿದ್ದ. ಅವಳು ಕಾಲು ಓರೆ ಮಾಡಿ ಹೇಗೋ ಒದ್ದು ಎರಡನೆಯದಕ್ಕೆ ಹಾಕಿದಳು, ಆಮೇಲೆ ಮೂರನೆಯದಕ್ಕೂ ಬಿತ್ತು. ಬಲಗಾಲಿನದು ಇನ್ನೊಂದು ಕಥೆ. ಅಟ್ಟೆಯ ಆಚೆ ಬ್ರೇಕು ಎಲ್ಲಿದೆ ಎಂಬುದೇ ಪಾದಕ್ಕೆ ತಿಳಿಯುತ್ತಿರಲಿಲ್ಲ.

ಒಂದು ಸ್ಕೂಲಿನ ಮುಂದೆ ಮಗುವೊಂದು ರಸ್ತೆಗೆ ಇಳಿಯಿತು. ಬೆನ್ನಿನಷ್ಟೇ ಅಗಲದ ಹಳದಿ ಬ್ಯಾಗು, ಕೈಯಲ್ಲಿ ನೀರಿನ ಬಾಟಲಿ. ಮಾಯಮ್ಮ ಬ್ರೇಕು ಒತ್ತಿದಳು. ಬ್ರೇಕು ಎಂದುಕೊಂಡು ಒತ್ತಿದ್ದು ಕಾಲಿಡುವ ಕಂಬಿಯನ್ನು. ಎರಡನೆಯ ಸಲ ಪೂರ್ತಿ ಮೈ ಹಾಕಿ ತುಳಿದಾಗ ಗಾಡಿ ಜಾರುತ್ತ, ಕೆರೆಯುತ್ತ, ಮಗುವಿಂದ ಒಂದು ಮೊಳ ದೂರದಲ್ಲಿ ನಿಂತಿತು. ಬೋರಲಿಂಗಯ್ಯನ ಹಣೆ ಅವಳ ಹೆಲ್ಮೆಟ್ಟಿಗೆ ಬಡಿಯಿತು. ಮಗು ಒಂದು ಸಲ ಅವಳ ಮುಖ ನೋಡಿ, ಏನೂ ಆಗದವರ ಹಾಗೆ ಆಚೆ ಬದಿಗೆ ಹೋಗಿ, ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿಯಿತು.

ಮಾಯಮ್ಮ ಗಾಡಿಯನ್ನು ಬದಿಗೆ ಹಾಕಿದಳು. ಆ ಮಗುವಿನ ತಾಯಿ ಈಗ ಮನೆಯಲ್ಲಿ ಏನು ಮಾಡುತ್ತಿರಬಹುದು, ಪಾತ್ರೆ ತೊಳೆಯುತ್ತಿರಬಹುದು, ಮಗು ಸ್ಕೂಲು ಮುಟ್ಟಿತು ಎಂದುಕೊಂಡು ನಿರಾಳವಾಗಿರಬಹುದು ಎಂದು ಅವಳಿಗೆ ಅನಿಸಿತು. ಚಪ್ಪಲಿ ಬಿಚ್ಚಿ ಹ್ಯಾಂಡಲಿಗೆ ನೇತು ಹಾಕಿದಳು. ಬರಿಗಾಲಿನಲ್ಲೇ ರಾಮನಗರದ ತನಕ ಓಡಿಸಿದಳು. ನಿಲ್ಲಿಸಬೇಕಾದ ಕಡೆಯೆಲ್ಲ ಫುಟ್‌ಪಾತಿನ ಕಲ್ಲೋ ಮೋರಿಯ ಕಟ್ಟೆಯೋ ಹುಡುಕಿ ಅದಕ್ಕೆ ಕಾಲು ಕೊಟ್ಟಳು.

ಆಸ್ಪತ್ರೆಯಲ್ಲಿ ತೂಕ ನೋಡಿದರು, ಮಂಚಕ್ಕೆ ಹತ್ತಿಸಿದರು, ಎರಡು ಸೂಜಿ ಚುಚ್ಚಿದರು. ಮಿಷನ್ನಿನ ಚಕ್ರ ತಿರುಗತೊಡಗಿತು. ಇನ್ನು ನಾಲ್ಕು ಗಂಟೆ. ಮಾಮೂಲಿಯಾಗಿ ಮಾಯಮ್ಮ ಆ ನಾಲ್ಕು ಗಂಟೆಯೂ ಹೊರಗಿನ ಬೆಂಚಿನಲ್ಲಿ ಕೂತಿರುತ್ತಾಳೆ. ಅವತ್ತು ಮಂಚದ ಪಕ್ಕ ಬಂದು ನಿಂತಳು.

"ಸೀಟಿನೋರ ತಾವ ಹೋಗಿ ಬತ್ತೀನಿ."

ಬೋರಲಿಂಗಯ್ಯ ಕಣ್ಣು ಮುಚ್ಚಿಕೊಂಡ. ಬೇಡ ಎನ್ನಲಿಲ್ಲ, ಹ್ಞೂಂ ಎನ್ನಲೂ ಇಲ್ಲ. ಸಿಸ್ಟರ್ ಹತ್ತಿರ ತನ್ನ ಫೋನ್ ನಂಬರ್ ಎರಡು ಸಲ ಬರೆಸಿ, ಅವಳು ಹೊರಟಳು. ಬಾಗಿಲ ತನಕ ಹೋದವಳು ವಾಪಸ್ಸು ಬಂದು, ಅವನ ಫೋನನ್ನು ಬಲಗೈಗೆ ಎಟುಕುವಂತೆ ತಲೆದಿಂಬಿನ ಪಕ್ಕ ಇಟ್ಟು ಹೋದಳು.

ಚನ್ನಪಟ್ಟಣದಲ್ಲಿ ಜಬ್ಬಾರ್ ಸಾಬರ ಅಂಗಡಿ ಅಂದರೆ ಅವರ ಮನೆಯ ಮುಂಭಾಗವೇ. ಗೋಡೆಗೆಲ್ಲ ಸೀಟುಗಳು ಒಣಮೀನಿನ ಹಾಗೆ ನೇತಾಡುತ್ತಿದ್ದವು. ಒಳಗೆ ಅವರ ಹೆಂಡತಿ ಅಕ್ಬರಿ ಬೇಗಂ ಹೊಲಿಗೆ ಮಿಷನ್ನಿನ ಮುಂದೆ ಕೂತು ರೆಕ್ಸಿನ್ ಹೊಲಿಯುತ್ತಿದ್ದರು. ಗಂಡ ಕತ್ತರಿಸುವುದು, ಹೆಂಡತಿ ಹೊಲಿಯುವುದು. ಮೂವತ್ತು ವರ್ಷದಿಂದ ಹಾಗೇ ನಡೆದಿತ್ತು. ಜಬ್ಬಾರ್ ಸಾಬರು ಗಾಡಿಯನ್ನು ಒಂದು ಸುತ್ತು ಬಂದರು. ಹ್ಯಾಂಡಲಿನಲ್ಲಿ ನೇತಾಡುತ್ತಿದ್ದ ಚಪ್ಪಲಿಯನ್ನು ಕೈಗೆತ್ತಿಕೊಂಡು ತೂಗಿ ನೋಡಿದರು.

"ಇದೇನಮ್ಮಾ, ಲಾರಿ ಸ್ಟೆಪ್ನಿ ಕಾಲಿಗೆ ಹಾಕ್ಕೊಂಡ್ ಬಂದಿದ್ದೀರ?"

ಮಾಯಮ್ಮ ನಡೆದದ್ದನ್ನು ಹೇಳಿದಳು. ಕೆಂಗಲ್ ಹೇಳಿದಳು, ಚಪ್ಪಲಿ ಹೇಳಿದಳು, ಹಳದಿ ಬ್ಯಾಗಿನ ಮಗುವನ್ನು ಹೇಳಿದಳು. ಒಳಗೆ ಹೊಲಿಗೆ ಮಿಷನ್ನು ನಿಂತಿತು.

"ಗಾಡಿ ಯಾರ ಹೆಸರಲ್ಲಿದೆ?" ಸಾಬರು ಕೇಳಿದರು.

"ಅವರದೇ."

"ಹಂಗಾದ್ರೆ ಅವರ ಬಾಯಲ್ಲಿ ಒಂದು ಮಾತು ಬರಬೇಕಮ್ಮಾ. ಬೇಜಾರು ಮಾಡ್ಕೋಬೇಡಿ. ಕುಯ್ದಿದ್ದು ವಾಪಸ್ ಬೆಳೆಯೋ ವಸ್ತು ಅಲ್ಲ ಇದು."

ಅವಳು ಫೋನ್ ಹಚ್ಚಿ ಅವರ ಕೈಗೆ ಕೊಟ್ಟಳು. ಕಿವಿ ಮಂದವಾಗಿದ್ದ ಸಾಬರು ಸ್ಪೀಕರ್ ಹಾಕಿದರು. ಆ ಕಡೆಯಿಂದ ಮೊದಲು ಕೇಳಿಸಿದ್ದು ಡಯಾಲಿಸಿಸ್ ಮಿಷನ್ನಿನ ಸದ್ದು.

"ಬೋರಲಿಂಗಯ್ಯನೋರಾ? ನಾನು ಜಬ್ಬಾರ್, ಸೀಟ್ ಕೆಲಸದವನು. ನಿಮ್ಮ ಮನೆಯೋರು ಬಂದವ್ರೆ. ನೀವು ಹ್ಞೂಂ ಅಂದ್ರೆ ಬ್ಲೇಡ್ ಹಾಕ್ತೀನಿ. ಇಲ್ಲಾಂದ್ರೆ ಚಾ ಕುಡಿಸಿ ಕಳಿಸ್ತೀನಿ."

"ಮುಂದೆ ನಾನ್ ಓಡಿಸೋ ಕಾಲ ಬಂದ್ರೆ ಸಾಬ್ರೆ?"

"ಕುಯ್ದ ತುಂಡು ನಿಮ್ಮ ಕೈಗೇ ಕೊಡೋದು. ನಮ್ಮಪ್ಪ ಬೊಂಬೆ ಕಡೀತಿದ್ರು. ಜನ ಮರ ತಂದುಕೊಟ್ರೆ, ಕಡೆದು ಉಳಿದ ಚೂರೂ ಕಟ್ಟಿ ಅವರಿಗೇ ಕೊಡೋರು. ನಾನೂ ಅದೇ ಇಟ್ಕೊಂಡಿದ್ದೀನಿ. ನೀವು ಆ ತುಂಡು ತನ್ನಿ, ನಾನು ಅಂಟು ಹಾಕಿ ಕೂರಿಸ್ತೀನಿ."

"ಮೊದ್ಲು ಇದ್ದಂಗೇ ಆಯ್ತದಾ?"

ಸಾಬರು ಚಪ್ಪಲಿಯನ್ನು ಕೆಳಗಿಟ್ಟರು. ಹೆಂಡತಿಯ ಕಡೆ ನೋಡಿದರು.

"ಒಸಿ ಗೆರೆ ಕಾಣ್ತದೆ," ಅಂದರು. "ಇದ್ದಂಗೇ ಅಂದ್ರೆ ಸುಳ್ಳಾಗ್ತದೆ."

ಮಾಯಮ್ಮ ರಸ್ತೆಯ ಕಡೆ ತಿರುಗಿ ನಿಂತಳು. ಈಗ ಫೋನು ಇಡುತ್ತಾನೆ ಎಂದುಕೊಂಡಳು. ವಾಪಸ್ಸು ಹೋಗುವ ದಾರಿಯಲ್ಲಿ ಎಲ್ಲೆಲ್ಲಿ ಕಟ್ಟೆಗಳಿವೆ ಎಂದು ಮನಸ್ಸು ಆಗಲೇ ಹುಡುಕತೊಡಗಿತ್ತು.

"ಎಷ್ಟು ಬೆರಳು ಕುಯ್ತೀರಿ?" ಬೋರಲಿಂಗಯ್ಯನ ದನಿ ಬಂತು.

"ಅಳತೆ ನೋಡ್ಬೇಕು."

"ನಿಮ್ ಬೆರಳು ದಪ್ಪವೋ ಸಣ್ಣವೋ?"

"ದಪ್ಪ ಇದಾವೆ. ಅದಕ್ಕೇ ಬೆರಳಲ್ಲಿ ಅಳೆಯಲ್ಲ ನಾನು."

"ಕುಯ್ಯಿರಿ ಮತ್ತೆ," ಅಂದ ಅವನು. "ಬೆಳಿಗ್ಗೆ ಆ ಮಗು... ಕುಯ್ದ್ಬುಡಿ."

ಸಾಬರು ಅಳೆಯುವುದು ಬಿಲ್ಲೆಯಲ್ಲಿ. ಅವರಪ್ಪನ ಲೇತಿನಿಂದ ಉಳಿದ, ಕಡೆದು ಅರಗು ಬಣ್ಣ ಹಚ್ಚಿದ ಹಾಲೆಮರದ ಬಿಲ್ಲೆಗಳು. ಕೆಂಪು, ಹಳದಿ, ಹಸಿರು, ಒಂದೊಂದೂ ಒಂದು ಬೆರಳ ದಪ್ಪ. ಯಾವತ್ತೋ ಯಾವುದೋ ಬೊಂಬೆಯ ಟೊಪ್ಪಿಗೆಯಾಗಬೇಕಾಗಿದ್ದವು. ಮಾಯಮ್ಮ ಗಾಡಿಯ ಮೇಲೆ ಕೂತಳು. ಸಾಬರು ಅವಳ ಪಾದ ಮುಟ್ಟದೆ, ಹಿಮ್ಮಡಿಯ ಕೆಳಗೆ ಒಂದೊಂದೇ ಬಿಲ್ಲೆ ತೂರಿಸುತ್ತ ಹೋದರು. ನಾಲ್ಕನೆಯದು ಬಿಗಿಯಾಗಿ ಕೂತಿತು.

"ನಾಲ್ಕು."

"ತಡೀರಿ," ಅಕ್ಬರಿ ಬೇಗಂ ಎದ್ದು ಬಂದರು. "ಹಿಂದೆ ಅವರು ಕೂರ್ತಾರಲ್ಲ. ಅವರು ಕೂತ್ರೆ ಗಾಡಿ ಇಳೀತದೆ. ಖಾಲಿ ಗಾಡಿಗೆ ಅಳೆದು ಕುಯ್ದ್ರೆ ಬರೀ ತಗಡೇ ಉಳಿಯೋದು. ನಿಮ್ಮ ಯಜಮಾನ್ರು ತೂಕ ಎಷ್ಟಮ್ಮಾ?"

ಹೊಂಗನೂರಿನಲ್ಲಿ ಗಂಡನ ತೂಕ ಗೊತ್ತಿರುವ ಹೆಂಡತಿ ಅವಳೊಬ್ಬಳೇ ಇರಬೇಕು. "ಮಿಷನ್‌ಗೆ ಮುಂಚೆ ಐವತ್ತೆರಡೂವರೆ. ಆಮ್ಯಾಕೆ ಐವತ್ತು."

ಅಕ್ಬರಿ ಬೇಗಂ ಸೆರಗು ಸರಿಮಾಡಿಕೊಂಡರು. "ನಾನು ಅದಕ್ಕಿಂತ ಒಸಿ ಜಾಸ್ತೀನೇ ಇದ್ದೀನಿ. ನಾನು ಕೂರ್ತೀನಿ."

"ಒಸಿ ಅಂದ್ರೆ ಎಷ್ಟು ಅಂತ ಮಾತ್ರ ಕೇಳಬೇಡಿ," ಸಾಬರು ಅಂದರು.

"ನಿಮ್ಮ ಅಡುಗೆ ತಿಂದು ಬಂದ ತೂಕ ಅಲ್ಲ. ನಂದೇ ಅಡುಗೆ."

ಮೂವತ್ತು ವರ್ಷ ಸೀಟು ಹೊಲಿದಿದ್ದರೂ ಅಂಗಡಿಗೆ ಬಂದ ಗಾಡಿಯ ಮೇಲೆ ಅಕ್ಬರಿ ಬೇಗಂ ಕೂತದ್ದು ಅದೇ ಮೊದಲು. ಅವರು ಹಿಂದೆ ಕೂತ ಕೂಡಲೇ ಗಾಡಿ ಇಳಿಯಿತು. ಸಾಬರು ಒಂದು ಬಿಲ್ಲೆ ತೆಗೆದರು. ಮೂರು.

"ಮೂರೂ ಕುಯ್ಯಬೇಡಿ," ಹಿಂದಿನಿಂದಲೇ ಅಕ್ಬರಿ ಬೇಗಂ ಹೇಳಿದರು. "ಎರಡು ಸಾಕು. ಮುಂದಿನ ಮೂತಿ ಎರಡೂ ಕಡೆ ಸವರಿ. ಸೀಟ್ ಅಗಲ ಇದ್ದಷ್ಟೂ ಕಾಲು ಗಿಡ್ಡ ಆಗ್ತದೆ ಅಮ್ಮಾ. ಇದನ್ನ ಇವರು ಹೆಂಗಸರಿಗೆ ಬಾಯಿಬಿಟ್ಟು ಹೇಳಲ್ಲ. ಅದಕ್ಕೆ ನಾನು ಹೇಳ್ತಿದ್ದೀನಿ."

ಸಾಬರು ಸೀಟು ಬಿಚ್ಚಿ, ಪಿನ್ನು ಕಿತ್ತು, ಕವರ್ ಸುಲಿದರು. ಒಳಗಿನ ಫೋಮು ಹನ್ನೊಂದು ವರ್ಷ ಹಳೆಯದು. ಬೋರಲಿಂಗಯ್ಯ ಕೂತು ಕೂತು ಅಲ್ಲಿ ಅವನ ಗುರುತು ಎರಡು ತಗ್ಗಾಗಿ ಉಳಿದಿತ್ತು. ಅವರು ಬ್ಲೇಡು ಹಾಕಿದಾಗ ಮಾಯಮ್ಮ ಅದನ್ನು ನೋಡದೆ ಗಡಿಯಾರ ನೋಡಿದಳು. ಹತ್ತೂಕಾಲು. ಈ ಹೊತ್ತಿಗೆ ಒಮ್ಮೊಮ್ಮೆ ಅವನಿಗೆ ಬಿಪಿ ಇಳಿಯುತ್ತದೆ, ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ತಿಕ್ಕುವವರು ಬೇಕು. ಸಿಸ್ಟರಿಗೆ ಫೋನ್ ಮಾಡಿದಳು. "ಮಲಗಿದ್ದಾರೆ ಅಮ್ಮಾ, ಚೆನ್ನಾಗಿದ್ದಾರೆ" ಎಂದರು. ಐದು ನಿಮಿಷ ಬಿಟ್ಟು ಮತ್ತೆ ಮಾಡಬೇಕೆನಿಸಿತು, ಮಾಡಲಿಲ್ಲ.

ಎಮರಿ ಪೇಪರಿನಲ್ಲಿ ಉಜ್ಜಿ, ಮೂತಿ ಸವರಿ, ಕವರನ್ನು ಸಣ್ಣದು ಮಾಡಿ ಹೊಲಿದು ಕೂರಿಸುವಾಗ ಹನ್ನೊಂದೂವರೆ. ಮಾಯಮ್ಮ ಕೂತಳು. ಅಕ್ಬರಿ ಬೇಗಂ ಹಿಂದೆ ಕೂತರು. ಬರಿಯ ಪಾದ, ಎರಡು ಹಿಮ್ಮಡಿ, ಎರಡೂ ಸಿಮೆಂಟು ನೆಲಕ್ಕೆ ತಣ್ಣಗೆ ತಾಗಿದವು. ಕಾಲ ಕೆಳಗೆ ಏನೂ ಇರಲಿಲ್ಲ. ಸಾಬರು ಬಿಲ್ಲೆ ತೂರಿಸಲು ಬಾಗಿದವರು, ಜಾಗವಿಲ್ಲದ್ದನ್ನು ಕಂಡು ಹಾಗೇ ಎದ್ದರು. ಸಂತೋಷವಾಗಬೇಕಿತ್ತು. ಮಾಯಮ್ಮನಿಗೆ ಆದದ್ದು ಆಯಾಸ. ಎಷ್ಟೋ ದೂರದಿಂದ ತುದಿಗಾಲಲ್ಲಿ ನಡೆದು ಬಂದು ಈಗ ನಿಂತವಳ ಹಾಗೆ. ಅಲ್ಲೇ ಗಾಡಿಯ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು.

ಹೊರಡುವಾಗ ಅಕ್ಬರಿ ಬೇಗಂ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟರು. "ತುಂಡು ಇದರಲ್ಲಿದೆ. ಹಳೇ ಫೋಮು, ಉದುರ್ತದೆ. ಅದಕ್ಕೆ ಉಳಿದ ರೆಕ್ಸಿನ್ ಸುತ್ತಿ ಹೊಲಿದಿದ್ದೀನಿ."

ಆಸ್ಪತ್ರೆಗೆ ಬರುವಾಗ ಹನ್ನೆರಡು ದಾಟಿತ್ತು. ಬೋರಲಿಂಗಯ್ಯ ಕೈಗೆ ಹತ್ತಿ ಒತ್ತಿಕೊಂಡು ಬೆಂಚಿನಲ್ಲಿ, ಅವಳು ಕೂರುವ ಜಾಗದಲ್ಲಿ, ಕೂತಿದ್ದ. ಎದ್ದು ಮೆಲ್ಲಗೆ ಗಾಡಿಯ ತನಕ ಬಂದ. ಸೀಟಿನ ಮೇಲೆ ಕೈಯಾಡಿಸಿದ. ಮುಂದಿನ ಭಾಗ ಇಳಿದು, ಹಿಂದಿನದು ಮೆಟ್ಟಿಲಿನ ಹಾಗೆ ಮೇಲುಳಿದಿತ್ತು. ಹತ್ತಿ ಕೂತ. ಕವರ್ ಇಸಿದುಕೊಂಡು ಎದೆಗೂ ಎಡಗೈಗೂ ನಡುವೆ ಇಟ್ಟುಕೊಂಡ.

ಸ್ವಲ್ಪ ದೂರ ಬಂದ ಮೇಲೆ, "ಈಗ ರೋಡ್ ಕಾಣ್ತದೆ ನಂಗೆ," ಅಂದ. "ಇಷ್ಟು ದಿನ ನಿನ್ ಹೆಲ್ಮೆಟ್ ನೋಡ್ಕೊಂಡೇ ಬತ್ತಿದ್ದೆ."

"ಕಾಣ್ಲಿ ಬುಡಿ."

"ಮುಂದೆ ಟ್ರ್ಯಾಕ್ಟರ್ ಐತೆ."

"ನಂಗೂ ಕಾಣ್ತದೆ."

"ಹಾರನ್ ಹೊಡಿ."

ಅವಳು ಹಾರನ್ ಹೊಡೆದಳು. ಇನ್ನು ಪ್ರತಿ ಸೋಮವಾರ, ಪ್ರತಿ ಗುರುವಾರ ಇದೂ ಒಂದು ಇರುತ್ತದೆ ಎಂದುಕೊಂಡಳು.

ಕೆಂಗಲ್ ಬಂತು. ಗುಡಿಗೆ ಬಂದವರ ಕಾರೊಂದು ಹಿಂದೆ ಮುಂದೆ ನೋಡದೆ ತಿರುಗಿತು. ಮುಂದಿನ ಬಸ್ಸು ನಿಂತಿತು. ಮಾಯಮ್ಮ ನಿಂತದ್ದು ಹೆಚ್ಚು ಕಮ್ಮಿ ಅದೇ ಜಾಗದಲ್ಲಿ. ಡಾಂಬರು ಮುಗಿದು ಮಣ್ಣು ಇಳಿಯುವ ಕಡೆ. ಹಿಂದೆ ಬೋರಲಿಂಗಯ್ಯನ ಮೈ ಬಿಗಿಯಾದದ್ದು ಅವಳ ಬೆನ್ನಿಗೆ ತಿಳಿಯಿತು. ಅವಳು ಎಡಗಾಲು ಇಳಿಬಿಟ್ಟಳು, ಬಲಗಾಲೂ ಇಳಿಬಿಟ್ಟಳು. ಇಳಿಜಾರಿನ ಮಣ್ಣು, ಅದರ ಬಿಸಿ, ಒಂದು ಚೂಪು ಕಲ್ಲು, ಎಲ್ಲವೂ ಅಂಗಾಲಿಗೆ ಸಿಕ್ಕವು. ಗಾಡಿ ಅಲ್ಲಾಡಲಿಲ್ಲ. ಬಸ್ಸು ಹೊರಡುವ ತನಕ ಇಬ್ಬರೂ ಹಾಗೇ ಇದ್ದರು. ಆಮೇ‌ಲೆ ಅವನ ಮೈ ಸಡಿಲವಾಯಿತು.

ಮನೆಯಲ್ಲಿ ಅವನು ಕವರಿನಿಂದ ತುಂಡನ್ನು ತೆಗೆದು, ತಿರುಗಿಸಿ ತಿರುಗಿಸಿ ನೋಡಿದ. ಸುತ್ತಲೂ ಕಪ್ಪು ರೆಕ್ಸಿನ್, ಅಂಚಿಗೆ ಒತ್ತಾದ ಹೊಲಿಗೆ, ನಡುವೆ ಅವನೇ ಕೂತು ಮಾಡಿದ ತಗ್ಗು.

"ಸುತ್ತಿ ಹೊಲಿದ್ಬುಟ್ಟವ್ರಲ್ಲಮ್ಮಿ. ಇದ್ನ ಅಂಟ್ಸಕ್ಕೆ ಆಗಲ್ಲ."

"ಬಿಚ್ಚಿದ್ರೆ ಆಯ್ತದೆ."

ಅವನು ಹೊಲಿಗೆಯ ಮೇಲೆ ಉಗುರಾಡಿಸಿದ. ಒಂದು ನೂಲನ್ನೂ ಎಳೆಯಲಿಲ್ಲ. ಅದನ್ನು ಒಯ್ದು ಗೋಡೆಯ ಗೂಡಿನಲ್ಲಿ ಹೆಲ್ಮೆಟ್ಟಿನ ಪಕ್ಕ ಇಟ್ಟ.

ಸೋಮವಾರ ಬೆಳಿಗ್ಗೆ ಮಾಯಮ್ಮ ಎದ್ದು, ಮಲಗಿದ್ದವನ ತೋಳು ಸರಿಸಿ ಬೆರಳಿಟ್ಟಳು. ಗುಂಯ್ ಎನ್ನುತ್ತಿತ್ತು. ಆಮೇಲೆ ಹುಳುವಿಗೆ ಸೊಪ್ಪು, ಸ್ಟೂಲು ಹತ್ತುವುದು ಇಳಿಯುವುದು, ಎರಡು ರೊಟ್ಟಿ, ಹಳೆಯ ಹವಾಯಿ ಚಪ್ಪಲಿ. ಗಾಡಿ ಸ್ಟಾರ್ಟ್ ಮಾಡಿದಾಗ ಬೋರಲಿಂಗಯ್ಯ ಇನ್ನೂ ಒಳಗೇ ಇದ್ದ. ಹೊತ್ತಾಯಿತು ಎಂದು ಕೂಗಬೇಕೆನ್ನುವಷ್ಟರಲ್ಲಿ ಆ ತುಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ.

ಆಸ್ಪತ್ರೆಯ ಮಂಚದಲ್ಲಿ ಸಿಸ್ಟರ್ ಸೂಜಿ ತಯಾರು ಮಾಡುವಾಗ ಅವನು ಅದನ್ನು ಎಡಗೈಯ ಕೆಳಗೆ ಇಟ್ಟುಕೊಂಡ. ತಗ್ಗಿನಲ್ಲಿ ಮೊಣಕೈ ಸರಿಯಾಗಿ ಕೂತಿತು.

"ಇದೇನ್ ಅಣ್ಣಾ, ಹೊಸ ದಿಂಬಾ?" ಸಿಸ್ಟರ್ ಕೇಳಿದರು.

"ಹಳೇದು," ಅಂದ ಅವನು. "ನಂದೇ."

ಮಾಯಮ್ಮ ಹೊರಗೆ ಬಂದು ಬೆಂಚಿನಲ್ಲಿ ಕೂತಳು. ಆ ಬೆಂಚೂ ಎತ್ತರವೇ. ಅದರಲ್ಲಿ ಅವಳ ಕಾಲು ಯಾವತ್ತೂ ನೆಲಕ್ಕೆ ಎಟುಕಿದ್ದಿಲ್ಲ. ಗೋಡೆಗೆ ತಲೆ ಒರಗಿಸಿ ಕಣ್ಣು ಮುಚ್ಚಿದಳು. ಇನ್ನೂ ನಾಲ್ಕು ಗಂಟೆ ಇತ್ತು.